ಗ್ರಾಹಕರ ಹೆಸರು, ಖರೀದಿಯ ಪಟ್ಟಿ ಮತ್ತು ತೆರಿಗೆ ಇಲಾಖೆ: ಆನ್‌ಲೈನ್ ವರ್ತಕರು ತಿಳಿಯಬೇಕಾದ ಒಂದು ವ್ಯಾಜ್ಯ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರಿಗೆ ತೆರಿಗೆ ಕಚೇರಿಯೊಂದರಿಂದ ಪತ್ರ ಬಂದಿತು. ಅವರದು ಸಣ್ಣ ಉದ್ದಿಮೆ. ಶಸ್ತ್ರಚಿಕಿತ್ಸೆಯಾದವರು, ಮೂಳೆ ಮುರಿದವರು ಹಾಗೂ ವಯೋವೃದ್ಧರು ಬಳಸುವ ಪಟ್ಟಿ, ಚೀಲ, ಒಳ ಉಡುಪು ಮುಂತಾದವುಗಳನ್ನು ತಯಾರಿಸಿ ತಮ್ಮದೇ ಜಾಲತಾಣದ ಮೂಲಕ ಇಡೀ ದೇಶಕ್ಕೆ ಮಾರುತ್ತಾರೆ. ಹೊರರಾಜ್ಯಗಳಿಗೆ ಮಾಡಿದ ಒಂದು ವರ್ಷದ ಮಾರಾಟದ ರಾಜ್ಯವಾರು ವಿವರ ಬೇಕೆಂದು ಪತ್ರದಲ್ಲಿ ಕೇಳಲಾಗಿತ್ತು. ಕಚೇರಿಯ ಗಣಕಯಂತ್ರ ನೋಡಿಕೊಳ್ಳುವ ಹುಡುಗನು ವಿವರ ಎಂಬ ಪದವನ್ನು ಕಂಡವನೇ ಜಾಲತಾಣದ ಸಂಪೂರ್ಣ ಆರ್ಡರ್ ಕಡತವನ್ನು ಇಳಿಸಿ, ಹಾಗೆಯೇ ಇ-ಮೇಲ್ ಮಾಡಿದನು. ಗ್ರಾಹಕರ ಹೆಸರು, ಮನೆ ಸಂಖ್ಯೆ, ಮೊಬೈಲ್ ಸಂಖ್ಯೆ, ಕೊಂಡ ವಸ್ತು, ಅದರ ಅಳತೆ, ಕೊನೆಗೆ ಮನೆಯವರಿಗೆ ತಿಳಿಯದಂತೆ ತಲುಪಿಸಿ ಎಂದು ಗ್ರಾಹಕರು ಬರೆದಿದ್ದ ಸೂಚನೆಗಳು ಸಹಿತ ಎಲ್ಲವೂ ಅದರಲ್ಲಿದ್ದವು.

ಮರುದಿನ ಆ ಅಧಿಕಾರಿಯೇ ದೂರವಾಣಿ ಮಾಡಿ, “ನನಗೆ ಬೇಕಾದುದು ರಾಜ್ಯವಾರು ಮೊತ್ತ ಮಾತ್ರ, ಇದನ್ನೆಲ್ಲ ಏಕೆ ಕಳುಹಿಸಿದಿರಿ?” ಎಂದು ಕೇಳಿದರು. ಒಳ್ಳೆಯ ಅಧಿಕಾರಿ. ಆದರೆ ಕಡತ ಕೈಬಿಟ್ಟು ಹೋಗಿತ್ತು. ಹೋದ ಕಡತವನ್ನು ಮರಳಿ ಕರೆಯುವ ಉಪಾಯ ಯಾರಲ್ಲಿಯೂ ಇಲ್ಲ. ಸ್ತನದ ಶಸ್ತ್ರಚಿಕಿತ್ಸೆಯಾದ ಎಷ್ಟು ಮಹಿಳೆಯರ ಹೆಸರು, ವಿಳಾಸಗಳು ಆ ಪಟ್ಟಿಯಲ್ಲಿದ್ದವು ಎಂಬುದನ್ನು ನೆನೆದು ನನ್ನ ಕಕ್ಷಿದಾರರು ಬಹಳ ನೊಂದುಕೊಂಡರು. “ಇಲಾಖೆ ಕೇಳಿದರೆ ಎಲ್ಲವನ್ನೂ ಕೊಡಲೇಬೇಕಲ್ಲವೇ?” ಎಂಬುದು ಅವರ ಪ್ರಶ್ನೆಯಾಗಿತ್ತು. ಆನ್‌ಲೈನ್ ಮಾರಾಟಕ್ಕೆ ಇಳಿದಿರುವ ನಮ್ಮ ಅನೇಕ ಸದಸ್ಯರ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇದೆ. ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ವ್ಯಾಜ್ಯವೊಂದು ಅಮೆರಿಕದಲ್ಲಿ 2010ರಲ್ಲಿ ತೀರ್ಮಾನವಾಗಿದೆ. ಮೊದಲು ಅದನ್ನು ಕೂಲಂಕಷವಾಗಿ ನೋಡಿ, ಅನಂತರ ನಮ್ಮ ಕಾನೂನಿಗೆ ಬರೋಣ.

ಉತ್ತರ ಕೆರೊಲಿನಾದ ಬೇಡಿಕೆ

ಅಮೆರಿಕದಲ್ಲಿ ಮಾರಾಟ ತೆರಿಗೆಯು ರಾಜ್ಯಗಳ ವಿಷಯ. ರಾಜ್ಯದೊಳಗೆ ಅಂಗಡಿ, ಗೋದಾಮು ಅಥವಾ ನೌಕರರನ್ನು ಹೊಂದಿರದ ಮಾರಾಟಗಾರನ ಮೇಲೆ ತೆರಿಗೆ ವಸೂಲಿಯ ಹೊಣೆಯನ್ನು ಹೊರಿಸುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಕ್ವಿಲ್ ಕಂಪನಿಯ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಹಾಗಾದರೆ ಹೊರರಾಜ್ಯದಿಂದ ತರಿಸಿದ ವಸ್ತುವಿಗೆ ತೆರಿಗೆ ಇಲ್ಲವೇ? ಇದೆ. ಅದನ್ನು ಉಪಯೋಗ ತೆರಿಗೆ ಎನ್ನುತ್ತಾರೆ. ಕೊಂಡ ಗ್ರಾಹಕನೇ ಲೆಕ್ಕ ಹಾಕಿ ತನ್ನ ರಾಜ್ಯಕ್ಕೆ ಅದನ್ನು ಕಟ್ಟಬೇಕು. ನಮ್ಮ ಹಳೆಯ ಪ್ರವೇಶ ತೆರಿಗೆಯನ್ನು ಕಂಡ ವರ್ತಕರಿಗೆ ಇದರ ತತ್ತ್ವವು ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಅಲ್ಲಿ ಪುಸ್ತಕವೊಂದನ್ನು ತರಿಸಿದ ಗೃಹಿಣಿಯೂ ಈ ತೆರಿಗೆಗೆ ಬಾಧ್ಯಳು. ತಾನಾಗಿ ಕಟ್ಟುವವರು ವಿರಳ. ಕಟ್ಟದವರನ್ನು ಹಿಡಿಯಬೇಕಾದರೆ ಯಾರು ಏನು ತರಿಸಿದರು ಎಂಬುದು ರಾಜ್ಯಕ್ಕೆ ತಿಳಿಯಬೇಕು, ಮತ್ತು ಅದನ್ನು ಬಲ್ಲವನು ಮಾರಾಟಗಾರನೊಬ್ಬನೇ. ಗ್ರಾಹಕರ ಖಾಸಗಿತನದ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಉತ್ತರ ಕೆರೊಲಿನಾ ರಾಜ್ಯದ ಕಂದಾಯ ಇಲಾಖೆಯು 2009ರ ಡಿಸೆಂಬರ್ 1ರಂದು ಅಮೆಜಾನ್ ಸಂಸ್ಥೆಗೆ ಪತ್ರ ಬರೆದು, 2003ರ ಆಗಸ್ಟ್ 1ರಿಂದ 2010ರ ಫೆಬ್ರುವರಿ 28ರವರೆಗೆ ಆ ರಾಜ್ಯದ ವಿಳಾಸಗಳಿಗೆ ಮಾಡಲಾದ ಸಮಸ್ತ ಮಾರಾಟಗಳ ಸಮಸ್ತ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕೇಳಿತು. ಅಮೆಜಾನ್ ಇದನ್ನು ನಿರಾಕರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಸುಮಾರು 5 ಕೋಟಿ ಖರೀದಿಗಳ ವಿವರವನ್ನು ಅದು ಒದಗಿಸಿತು. ಆರ್ಡರ್ ಸಂಖ್ಯೆ, ಊರು, ಕೌಂಟಿ, ಅಂಚೆ ಸಂಖ್ಯೆ, ಮೊತ್ತ ಮಾತ್ರವಲ್ಲದೆ ಪ್ರತಿಯೊಂದು ವಸ್ತುವಿಗೆ ಸಂಸ್ಥೆಯು ನೀಡುವ ಸಂಕೇತ ಸಂಖ್ಯೆಯೂ ಅದರಲ್ಲಿತ್ತು. ಹೆಸರು ಮತ್ತು ಮನೆ ವಿಳಾಸಗಳನ್ನು ಮಾತ್ರ ತಡೆಹಿಡಿಯಿತು.

ಆ ಸಂಕೇತ ಸಂಖ್ಯೆಯ ಸ್ವರೂಪವನ್ನು ಅರಿತರೆ ವ್ಯಾಜ್ಯದ ತಿರುಳು ಅರ್ಥವಾಗುತ್ತದೆ. ಅದು ನಮ್ಮ ಎಚ್‌ಎಸ್‌ಎನ್ ಸಂಖ್ಯೆಯಂತೆ ಒಂದು ಗುಂಪನ್ನು ಸೂಚಿಸುವುದಿಲ್ಲ. ಒಂದೇ ಒಂದು ವಸ್ತುವನ್ನು ಸೂಚಿಸುತ್ತದೆ. ಆ ಸಂಖ್ಯೆಯನ್ನು ಅಮೆಜಾನ್ ಜಾಲತಾಣದಲ್ಲಿ ಹಾಕಿದರೆ ಯಾವ ಪುಸ್ತಕ, ಯಾವ ಚಲನಚಿತ್ರ ಎಂಬುದು ಯಾರಿಗಾದರೂ ಕ್ಷಣದಲ್ಲಿ ತಿಳಿಯುತ್ತದೆ. 2010ರ ಮಾರ್ಚ್ ತಿಂಗಳಿನಲ್ಲಿ ಇಲಾಖೆಯು ಎರಡನೆಯ ಪತ್ರ ಬರೆದು ಗ್ರಾಹಕರ ಹೆಸರು, ವಿಳಾಸಗಳನ್ನೂ ಕೊಡಬೇಕೆಂದೂ, ಇಲ್ಲವಾದರೆ ಸಮನ್ಸ್ ಹೊರಡಿಸುವುದಾಗಿಯೂ ತಿಳಿಸಿತು. ಒಂದು ಕಡತ ಆಗಲೇ ಇಲಾಖೆಯ ಕೈಯಲ್ಲಿತ್ತು, ಎರಡನೆಯದೂ ಬಂದುಬಿಟ್ಟರೆ ರಾಜ್ಯದ ಯಾವ ಪ್ರಜೆ ಯಾವ ಪುಸ್ತಕ ಓದುತ್ತಾನೆ ಎಂಬ ಆರೂವರೆ ವರ್ಷಗಳ ದಾಖಲೆ ಸಿದ್ಧವಾಗುತ್ತಿತ್ತು.

ಅಮೆಜಾನ್ 2010ರ ಏಪ್ರಿಲ್ 19ರಂದು ಸಿಯಾಟಲ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು. ಪ್ರತಿವಾದಿಯಾಗಿದ್ದವರು ಆ ರಾಜ್ಯದ ಕಂದಾಯ ಕಾರ್ಯದರ್ಶಿ ಕೆನೆತ್ ಲೇ. ಲೆಕ್ಕಪರಿಶೋಧಕರಾದ ನಮಗೆ ಈ ಹೆಸರು ಕೇಳಿದೊಡನೆ ಎನ್ರಾನ್ ನೆನಪಾಗುವುದು ಸಹಜ. ಆದರೆ ಇವರು ಬೇರೆ ವ್ಯಕ್ತಿ. ಅಮೆರಿಕನ್ ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟವು ಕೆಲವು ಗ್ರಾಹಕರ ಪರವಾಗಿ ಈ ದಾವೆಯಲ್ಲಿ ಸೇರಿಕೊಂಡಿತು. ಅವರಲ್ಲಿ ಹೆಸರು ಮರೆಸಿಕೊಂಡು ಬಂದ ಮಹಿಳೆಯೊಬ್ಬರು ವಿಚ್ಛೇದನ ಪಡೆಯುವ ಬಗೆಯನ್ನು ತಿಳಿಸುವ ಪುಸ್ತಕಗಳನ್ನು ಕೊಂಡಿದ್ದರು. ಅಂತಹ ಖರೀದಿಯು ಸರಕಾರದ ಕಡತದಲ್ಲಿ ತನ್ನ ಹೆಸರಿನ ಮುಂದೆ ಇರುವುದನ್ನು ಯಾರು ತಾನೇ ಬಯಸಿಯಾರು?

ನ್ಯಾಯಾಲಯ ಹೇಳಿದ್ದು, ಹೇಳದೇ ಇದ್ದದ್ದು

ನ್ಯಾಯಾಧೀಶೆ ಮಾರ್ಷಾ ಪೆಕ್ಮನ್ ಅವರು 2010ರ ಅಕ್ಟೋಬರ್ 25ರಂದು ಅಮೆಜಾನ್ ಪರವಾಗಿ ತೀರ್ಪು ನೀಡಿದರು. ಅದಕ್ಕೆ ಎರಡು ಆಧಾರಗಳಿದ್ದವು. ಮೊದಲನೆಯದು ವಾಕ್ ಸ್ವಾತಂತ್ರ್ಯವನ್ನು ರಕ್ಷಿಸುವ ಅಮೆರಿಕದ ಸಂವಿಧಾನದ ಪ್ರಥಮ ತಿದ್ದುಪಡಿ. ಓದುವ, ನೋಡುವ, ಕೇಳುವ ವಸ್ತುಗಳ ಆಯ್ಕೆಯನ್ನು ಸರಕಾರ ತಿಳಿದುಕೊಳ್ಳಬೇಕಾದರೆ ಬಲವಾದ ಅಗತ್ಯವನ್ನು ತೋರಿಸಬೇಕು. ಎರಡನೆಯದು 1988ರ ವಿಡಿಯೋ ಖಾಸಗಿತನ ರಕ್ಷಣಾ ಕಾಯಿದೆ. ಇದರ ಹುಟ್ಟು ಸ್ವಾರಸ್ಯಕರವಾದುದು. 1987ರಲ್ಲಿ ರಾಬರ್ಟ್ ಬೋರ್ಕ್ ಎಂಬವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ನಾಮಕರಣ ಮಾಡಿದಾಗ ವಾಷಿಂಗ್ಟನ್ನಿನ ವಾರಪತ್ರಿಕೆಯೊಂದು ಅವರ ಕುಟುಂಬವು ಅಂಗಡಿಯಿಂದ ಬಾಡಿಗೆಗೆ ತಂದ ಚಿತ್ರಗಳ ಪಟ್ಟಿಯನ್ನು ಅಚ್ಚುಮಾಡಿತು. ಪಟ್ಟಿಯಲ್ಲಿ ಆಕ್ಷೇಪಾರ್ಹವಾದುದೇನೂ ಇರಲಿಲ್ಲ. ಆದರೂ ಇಂದು ಅವರ ಪಟ್ಟಿ, ನಾಳೆ ನಮ್ಮದು ಎಂದು ಶಾಸನ ಸಭೆಯ ಸದಸ್ಯರಿಗೆ ಅನಿಸಿರಬೇಕು. ಮರು ವರ್ಷವೇ ಕಾಯಿದೆ ಬಂದಿತು.

ತೀರ್ಪಿನಲ್ಲಿ ವರ್ತಕರು ಗಮನಿಸಬೇಕಾದ ಅಂಶ ಬೇರೊಂದಿದೆ. ಗ್ರಾಹಕರು ಕೊಂಡ ಪುಸ್ತಕ, ಸಂಗೀತ, ಚಿತ್ರಗಳ ವಿವರವು ತೆರಿಗೆ ನಿರ್ಧರಣೆಗೆ ತನಗೆ ಅಗತ್ಯವಿಲ್ಲವೆಂದು ಇಲಾಖೆಯೇ ಒಪ್ಪಿಕೊಂಡಿತ್ತು. ಹೀಗಿದ್ದೂ ಈಗಾಗಲೇ ಪಡೆದಿದ್ದ ಆ ವಿವರವನ್ನು ಬಿಟ್ಟುಕೊಡಲು ಅದು ಸಿದ್ಧವಿರಲಿಲ್ಲ. ವಸ್ತುವಿನ ವಿವರವು ಇಲಾಖೆಯ ಬಳಿ ಇರುವವರೆಗೆ ಹೆಸರುಗಳನ್ನು ಕೇಳುವಂತಿಲ್ಲ ಎಂಬುದು ತೀರ್ಪಿನ ಸಾರ. ಗ್ರಾಹಕರ ಹೆಸರನ್ನು ಎಂದಿಗೂ ಕೇಳಬಾರದೆಂದು ನ್ಯಾಯಾಲಯ ಹೇಳಲಿಲ್ಲ. ಅಮೆಜಾನ್ ತೆರಿಗೆ ಕಟ್ಟಬೇಕಾಗಿಲ್ಲವೆಂದೂ ಹೇಳಲಿಲ್ಲ. ಹೆಸರು ಒಂದೇ ಇದ್ದರೆ ಅದು ವಿಳಾಸ ಪುಸ್ತಕ. ವಸ್ತು ಒಂದೇ ಇದ್ದರೆ ಅದು ದಾಸ್ತಾನಿನ ಲೆಕ್ಕ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಾಗ ಅದು ಒಬ್ಬ ಮನುಷ್ಯನ ಕಾಯಿಲೆಯ, ಕಷ್ಟದ, ನಂಬಿಕೆಯ ದಾಖಲೆಯಾಗುತ್ತದೆ. ನನ್ನ ಕಕ್ಷಿದಾರರ ಕಡತದಲ್ಲಿ ಆದದ್ದೂ ಇದೇ. 2011ರ ಫೆಬ್ರುವರಿಯಲ್ಲಿ ಉಭಯ ಪಕ್ಷಗಳ ನಡುವೆ ರಾಜಿಯಾಯಿತು. ಹೆಸರಿಗೂ ಖರೀದಿಯ ವಸ್ತುವಿಗೂ ಗಂಟು ಹಾಕುವ ಮಾಹಿತಿಯನ್ನು ಕೇಳುವುದಿಲ್ಲವೆಂದು ಇಲಾಖೆ ಒಪ್ಪಿತು.

ಇತರ ರಾಜ್ಯಗಳು ಪಾಠ ಕಲಿತವು. ಕೊಲರಾಡೋ ರಾಜ್ಯವು 2010ರಲ್ಲಿಯೇ ಮಾಡಿದ ಕಾನೂನಿನ ಪ್ರಕಾರ, ತೆರಿಗೆ ವಸೂಲು ಮಾಡದ ಮಾರಾಟಗಾರನು ವರ್ಷಕ್ಕೊಮ್ಮೆ ಗ್ರಾಹಕರ ಹೆಸರು, ವಿಳಾಸ ಹಾಗೂ ಒಟ್ಟು ಮೊತ್ತವನ್ನು ಮಾತ್ರ ಇಲಾಖೆಗೆ ತಿಳಿಸಬೇಕಾಗಿತ್ತು. ಕೊಂಡ ವಸ್ತುವಿನ ಹೆಸರನ್ನಲ್ಲ. ದೀರ್ಘಕಾಲ ನ್ಯಾಯಾಲಯಗಳಲ್ಲಿ ಸುತ್ತಿದ ಈ ಕಾನೂನನ್ನು ಮೇಲ್ಮನವಿ ನ್ಯಾಯಾಲಯವು 2016ರಲ್ಲಿ ಎತ್ತಿಹಿಡಿಯಿತು. ಕಡೆಗೆ 2018ರ ಜೂನ್ 21ರಂದು ವೇಫೇರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಕ್ವಿಲ್ ತೀರ್ಪನ್ನೇ ರದ್ದುಪಡಿಸಿತು. ಅಂಗಡಿ ಇರಲಿ ಇಲ್ಲದಿರಲಿ, ನಿಗದಿತ ವಹಿವಾಟು ಮೀರಿದ ಮಾರಾಟಗಾರನೇ ತೆರಿಗೆ ಸಂಗ್ರಹಿಸಬೇಕಾಯಿತು. ಅಮೆಜಾನ್ ಅಷ್ಟು ಹೊತ್ತಿಗೆ, 2014ರ ಫೆಬ್ರುವರಿ 1ರಿಂದಲೇ, ಉತ್ತರ ಕೆರೊಲಿನಾದಲ್ಲಿ ತೆರಿಗೆ ಸಂಗ್ರಹ ಆರಂಭಿಸಿತ್ತು. ತೆರಿಗೆಯನ್ನು ಮಾರಾಟಗಾರನೇ ಕಟ್ಟಿದ ಮೇಲೆ ಕೊಂಡವನ ಹೆಸರು ರಾಜ್ಯಕ್ಕೆ ಏಕೆ ಬೇಕು? ಖಾಸಗಿತನದ ಸಮಸ್ಯೆಯ ಬಹುಭಾಗವನ್ನು ಕೊನೆಗೆ ಪರಿಹರಿಸಿದ್ದು ಪ್ರಥಮ ತಿದ್ದುಪಡಿಗಿಂತ ಹೆಚ್ಚಾಗಿ ತೆರಿಗೆಯ ರಚನೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾನೂನಿನ ಸ್ಥಿತಿ

ಅಮೆರಿಕದ ತೀರ್ಪನ್ನು ಹಿಡಿದು ಇಲ್ಲಿನ ಅಧಿಕಾರಿಯ ಮುಂದೆ ವಾದಿಸಲು ಬರುವುದಿಲ್ಲ. ಆದರೆ ನಮ್ಮಲ್ಲಿಯೂ ಇದಕ್ಕೆ ಹತ್ತಿರವಾದ ನಿರ್ಣಯವೊಂದು 2004ರಷ್ಟು ಹಿಂದೆಯೇ ಬಂದಿದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೇ ಅದರ ಒಬ್ಬ ಪಕ್ಷಗಾರ. ಮುದ್ರಾಂಕ ಶುಲ್ಕದ ಸೋರಿಕೆಯನ್ನು ಪತ್ತೆಹಚ್ಚಲು, ಜಿಲ್ಲಾಧಿಕಾರಿಯು ಅಧಿಕಾರ ಕೊಟ್ಟ ಯಾವುದೇ ವ್ಯಕ್ತಿ ಬ್ಯಾಂಕಿನೊಳಗೆ ಹೋಗಿ ಗ್ರಾಹಕರು ಇಟ್ಟ ದಸ್ತಾವೇಜುಗಳನ್ನು ಪರಿಶೀಲಿಸಬಹುದೆಂದು ಆಂಧ್ರಪ್ರದೇಶವು ಮುದ್ರಾಂಕ ಕಾಯಿದೆಗೆ ತಿದ್ದುಪಡಿ ಮಾಡಿತ್ತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಖಾಸಗಿತನವು ವ್ಯಕ್ತಿಗೆ ಸೇರಿದ್ದೇ ಹೊರತು ಸ್ಥಳಕ್ಕಲ್ಲ. ದಸ್ತಾವೇಜನ್ನು ಬ್ಯಾಂಕಿಗೆ ಒಪ್ಪಿಸಿದ ಮಾತ್ರಕ್ಕೆ ಗ್ರಾಹಕನು ತನ್ನ ಗೌಪ್ಯತೆಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದಿತು. ಬ್ಯಾಂಕಿನ ಜಾಗದಲ್ಲಿ ಆನ್‌ಲೈನ್ ವರ್ತಕನನ್ನು ಇಟ್ಟು ಯೋಚಿಸಿ ನೋಡಿ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದವರು. ಸರಕಾರವು ಈ ಹಕ್ಕಿನಲ್ಲಿ ಪ್ರವೇಶಿಸಬೇಕಾದರೆ ಕಾನೂನಿನ ಬೆಂಬಲವಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಪ್ರವೇಶವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ತೆರಿಗೆ ವಸೂಲಿ ನ್ಯಾಯಯುತ ಉದ್ದೇಶವೆಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಬರುವುದು ಪ್ರಮಾಣದಲ್ಲಿ.

ಇನ್ನು ಜಿಎಸ್‌ಟಿ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಾನೂನನ್ನು ನಾವು ಎಷ್ಟು ದೂರಿದರೂ, ಅಂತಿಮ ಗ್ರಾಹಕನ ಹೆಸರನ್ನು ಅದು ಅನಾವಶ್ಯಕವಾಗಿ ಕೇಳುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ನೋಂದಣಿ ಇಲ್ಲದ ಗ್ರಾಹಕನಿಗೆ ಮಾಡಿದ ಮಾರಾಟವನ್ನು ಜಿಎಸ್‌ಟಿಆರ್-1 ನಮೂನೆಯಲ್ಲಿ ರಾಜ್ಯವಾರು, ದರವಾರು ಒಟ್ಟು ಮೊತ್ತವಾಗಿ ತೋರಿಸಿದರೆ ಸಾಕು. ಅಂತರರಾಜ್ಯ ಮಾರಾಟದಲ್ಲಿ ಇನ್‌ವಾಯ್ಸ್ ಮೌಲ್ಯವು 1 ಲಕ್ಷ ರೂಪಾಯಿ ಮೀರಿದಾಗ ಮಾತ್ರ ಇನ್‌ವಾಯ್ಸುವಾರು ತೋರಿಸಬೇಕು. 2024ರ ಆಗಸ್ಟ್‌ಗೆ ಮುಂಚೆ ಈ ಮಿತಿ ಎರಡೂವರೆ ಲಕ್ಷ ಇತ್ತು. ಅಲ್ಲಿಯೂ ಗ್ರಾಹಕನ ಹೆಸರಿಗೆ ಅಂಕಣವಿಲ್ಲ. ವಸ್ತುಗಳ ವಿವರವು ಎಚ್‌ಎಸ್‌ಎನ್ ಸಾರಾಂಶದ ಕೋಷ್ಟಕಕ್ಕೆ ಪ್ರತ್ಯೇಕವಾಗಿ ಹೋಗುತ್ತದೆ. ಸ್ಥಳ ಒಂದು ಕೋಷ್ಟಕದಲ್ಲಿ, ವಸ್ತು ಇನ್ನೊಂದರಲ್ಲಿ, ಹೆಸರು ಎಲ್ಲಿಯೂ ಇಲ್ಲ.

ಇನ್‌ವಾಯ್ಸಿನ ಮಾತೂ ಹೀಗೆಯೇ. 46ನೆಯ ನಿಯಮದ ಪ್ರಕಾರ, ತೆರಿಗೆಗೊಳಪಟ್ಟ ಮೌಲ್ಯವು 50,000 ರೂಪಾಯಿ ಅಥವಾ ಹೆಚ್ಚಾಗಿದ್ದಾಗ ನೋಂದಣಿ ಇಲ್ಲದ ಗ್ರಾಹಕನ ಹೆಸರು, ವಿಳಾಸ ಕಡ್ಡಾಯ. ಅದಕ್ಕಿಂತ ಕಡಿಮೆಯಾದರೆ ಗ್ರಾಹಕನು ಕೇಳಿದಾಗ ಮಾತ್ರ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಐಜಿಎಸ್‌ಟಿ ಕಾಯಿದೆಯ ತಿದ್ದುಪಡಿಯಲ್ಲಿ, ಇಂತಹ ಗ್ರಾಹಕನಿಗೆ ಸರಕು ಮಾರುವಾಗ ಇನ್‌ವಾಯ್ಸಿನಲ್ಲಿ ರಾಜ್ಯದ ಹೆಸರು ಬರೆದರೆ ವಿಳಾಸ ಬರೆದಂತೆಯೇ ಎಂಬ ವಿವರಣೆಯನ್ನು ಸೇರಿಸಲಾಗಿದೆ. ಇ-ಕಾಮರ್ಸ್ ವೇದಿಕೆಯ ಮೂಲಕ ನೀಡುವ ಸೇವೆಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. 2022ರ ಡಿಸೆಂಬರ್‌ನಲ್ಲಿ ಗ್ರಾಹಕನ ಹೆಸರು, ವಿಳಾಸ, ಪಿನ್‌ಕೋಡ್ ಕಡ್ಡಾಯವೆಂದು ನಿಯಮ ಮಾಡಲಾಯಿತು. ಒಂದು ವರ್ಷ ತುಂಬುವ ಮೊದಲೇ, 2023ರ ಜುಲೈನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 50ನೆಯ ಸಭೆಯ ಶಿಫಾರಸಿನಂತೆ, ರಾಜ್ಯದ ಹೆಸರೊಂದೇ ಸಾಕೆಂದು ಅದನ್ನು ಬದಲಿಸಲಾಯಿತು. ಯಾವ ರಾಜ್ಯಕ್ಕೆ ತೆರಿಗೆ ಸಲ್ಲಬೇಕೆಂದು ನಿರ್ಧರಿಸಲು ಮನೆ ಸಂಖ್ಯೆ ಬೇಕಾಗಿಲ್ಲವೆಂದು ಮಂಡಳಿಯೇ ಒಪ್ಪಿದಂತಾಯಿತು. ಅಧಿಕಾರಿಗಳೊಡನೆ ಮಾತನಾಡುವಾಗ ನಾನು ಈ ತಿದ್ದುಪಡಿಯನ್ನು ಆಗಾಗ ನೆನಪಿಸುತ್ತೇನೆ.

ಆದರೆ ಅಧಿಕಾರವು ವಿಶಾಲವಾಗಿದೆ

ಇಷ್ಟು ಓದಿ, ಇನ್ನು ಮುಂದೆ ಯಾವ ವಿವರವನ್ನೂ ಕೊಡುವುದಿಲ್ಲ ಎಂದು ಯಾರೂ ಹೊರಡಬಾರದು. ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 52ರ ಪ್ರಕಾರ ಡೆಪ್ಯುಟಿ ಕಮಿಷನರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯು ಇ-ಕಾಮರ್ಸ್ ವೇದಿಕೆಗೆ ನೋಟೀಸು ನೀಡಿ, ಅದರ ಮೂಲಕ ನಡೆದ ಮಾರಾಟಗಳ ವಿವರವನ್ನೂ, ಅದರ ಗೋದಾಮಿನಲ್ಲಿ ನೀವು ಇಟ್ಟಿರುವ ದಾಸ್ತಾನಿನ ವಿವರವನ್ನೂ ಕೇಳಬಹುದು. ಅದು 15 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ತಪ್ಪಿದರೆ 25,000 ರೂಪಾಯಿಗಳವರೆಗೆ ದಂಡ. ವೇದಿಕೆಯು ಪ್ರತಿ ತಿಂಗಳೂ ಜಿಎಸ್‌ಟಿಆರ್-8ರಲ್ಲಿ ನಿಮ್ಮ ವಹಿವಾಟನ್ನು ತಿಳಿಸಿಯೇ ಇರುತ್ತದೆ. ಆದ್ದರಿಂದ ವೇದಿಕೆಯ ಮಾರಾಟವನ್ನು ಮುಚ್ಚಿಡಬಹುದೆಂಬ ಭ್ರಮೆ ಯಾರಿಗೂ ಬೇಡ.

ಕಲಂ 70 ಸಮನ್ಸ್ ಹೊರಡಿಸುವ ಅಧಿಕಾರವನ್ನು ಕೊಡುತ್ತದೆ. ಕಲಂ 151 ಮೊದಲು ಅಂಕಿ-ಅಂಶ ಸಂಗ್ರಹಕ್ಕೆ ಸೀಮಿತವಾಗಿತ್ತು. 2022ರ ಜನವರಿ 1ರಿಂದ ಅದರ ಸ್ವರೂಪವೇ ಬದಲಾಯಿತು. ಕಮಿಷನರ್ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾಯಿದೆಗೆ ಸಂಬಂಧಿಸಿದ ಯಾವುದೇ ವಿಷಯದ ಮಾಹಿತಿಯನ್ನು ಯಾವುದೇ ವ್ಯಕ್ತಿಯಿಂದ ಆದೇಶದ ಮೂಲಕ ಕೇಳಬಹುದು. ಇಷ್ಟು ವಿಶಾಲವಾದ ಪದಗಳು ಸರಿಯೇ ಎಂಬುದು ಚರ್ಚಾರ್ಹ. ಇದರ ಜೊತೆಗೆ ಓದಬೇಕಾದ ಕಲಂ 152, ಹೀಗೆ ಪಡೆದ ಮಾಹಿತಿಯನ್ನು ವ್ಯಕ್ತಿಯ ಗುರುತು ಸಿಗುವಂತೆ ಅವನ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂದೂ, ಅವನ ಅಹವಾಲು ಕೇಳದೆ ನಡವಳಿಗಳಲ್ಲಿ ಬಳಸಬಾರದೆಂದೂ ಹೇಳುತ್ತದೆ. ಕಲಂ 158 ಅಧಿಕಾರಿಗಳ ಮೇಲೆ ಗೌಪ್ಯತೆಯ ಬಾಧ್ಯತೆ ಹೊರಿಸುತ್ತದೆ.

ಗ್ರಾಹಕನ ಹೆಸರು ನಿಜವಾಗಿಯೂ ಅಗತ್ಯವಾಗುವ ಸಂದರ್ಭಗಳೂ ಉಂಟು. ಸರಕು ಕಳುಹಿಸದೆ ಇನ್‌ವಾಯ್ಸ್ ಮಾತ್ರ ಮಾಡಿದ ಶಂಕೆ ಇದ್ದಾಗ, ಕೊಂಡವನನ್ನು ಕೇಳದೆ ಸತ್ಯ ತಿಳಿಯುವುದು ಹೇಗೆ? ಅಂತಹ ತನಿಖೆಯಲ್ಲಿ ಸಹಕರಿಸುವುದು ಪ್ರಾಮಾಣಿಕ ವರ್ತಕನ ಹಿತದಲ್ಲಿಯೇ ಇದೆ.

ಒಂದು ಪ್ರತಿಬಿಂಬ: 2025ರ ಯುಪಿಐ ನೋಟೀಸುಗಳು

ಉತ್ತರ ಕೆರೊಲಿನಾದಲ್ಲಿ ಇಲಾಖೆಗೆ ಬೇಕಾದುದಕ್ಕಿಂತ ಹೆಚ್ಚು ಮಾಹಿತಿ ಹೋಯಿತು. ಇದರ ತಿರುಗುಮುರುಗಾದ ದೃಶ್ಯವನ್ನು ನಾವು ಬೆಂಗಳೂರಿನಲ್ಲಿ 2025ರ ಜುಲೈನಲ್ಲಿ ಕಂಡೆವು. ನಮ್ಮ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಸೇವೆ ನೀಡುವ ಸಂಸ್ಥೆಗಳಿಂದ 2021-22ರಿಂದ 2024-25ರವರೆಗಿನ ಸ್ವೀಕೃತಿಗಳ ಮಾಹಿತಿ ಪಡೆದು, ನೋಂದಣಿಯಿಲ್ಲದ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ನೀಡಿತು. ಮೊತ್ತ ಇಲಾಖೆಗೆ ತಿಳಿದಿತ್ತು, ವಸ್ತು ತಿಳಿದಿರಲಿಲ್ಲ. ಹಾಲು, ತರಕಾರಿ ಮಾರಿದ ಹಣವೂ, ಬಂಧುಗಳಿಂದ ಬಂದ ಕೈಸಾಲವೂ ಒಂದೇ ರಾಶಿಯಲ್ಲಿ ಸೇರಿಕೊಂಡಿದ್ದವು. ತೆರಿಗೆ ವಿನಾಯಿತಿಯಿರುವ ಸರಕನ್ನಷ್ಟೇ ಮಾರುವವನಿಗೆ ನೋಂದಣಿಯೇ ಬೇಕಾಗಿಲ್ಲ. ಆದರೆ ಹಾಲಿನೊಡನೆ ಬಿಸ್ಕತ್ತನ್ನೂ ಮಾರುವವನಾದರೆ ನೋಂದಣಿಯ ಮಿತಿಯನ್ನು ಲೆಕ್ಕ ಹಾಕುವಾಗ ಹಾಲಿನ ಮೊತ್ತವೂ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತಿಗಷ್ಟೇ. ಈ ಭೇದವನ್ನು ತೋರಿಸಲು ಬಹುಪಾಲು ವರ್ತಕರ ಬಳಿ ಲೆಕ್ಕವೇ ಇರಲಿಲ್ಲ. ಅನೇಕರು ಗೋಡೆಯ ಮೇಲಿನ ಕ್ಯೂಆರ್ ಸಂಕೇತವನ್ನು ಕಿತ್ತು ನಗದಿಗೆ ಮರಳಿದರು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ತಿಳಿಸಿದ ಮೇಲೆ ಉದ್ವೇಗ ಶಮನವಾಯಿತು.

ಇಲಾಖೆಗೆ ಮೂರನೆಯವರ ಮೂಲಕ ಹೋಗುವ ಮಾಹಿತಿ ಅರೆಬರೆಯಾಗಿರುತ್ತದೆ, ಅದನ್ನು ತುಂಬಿ ತೋರಿಸುವ ಭಾರ ವರ್ತಕನ ಮೇಲೆ ಬೀಳುತ್ತದೆ. ಗ್ರಾಹಕನ ಹೆಸರಿಲ್ಲದ, ಆದರೆ ವಸ್ತುವಿನ ಹೆಸರಿರುವ ಲೆಕ್ಕವೇ ಅಂಥ ಸಮಯದಲ್ಲಿ ವರ್ತಕನನ್ನು ಕಾಯುವುದು.

ಕಚೇರಿಯಲ್ಲಿ ಮಾಡಬೇಕಾದ ವ್ಯವಸ್ಥೆ

ಆನ್‌ಲೈನ್ ಮಾರಾಟಗಾರರಾದ ನನ್ನ ಕಕ್ಷಿದಾರರಿಗೆ ನಾನು ಎರಡು ಕಡತಗಳನ್ನು ಪ್ರತ್ಯೇಕವಾಗಿ ಇಡಲು ಹೇಳುತ್ತೇನೆ. ಮಾರಾಟದ ಪುಸ್ತಕದಲ್ಲಿ ಆರ್ಡರ್ ಸಂಖ್ಯೆ, ದಿನಾಂಕ, ರಾಜ್ಯ, ಪಿನ್‌ಕೋಡ್, ಎಚ್‌ಎಸ್‌ಎನ್, ಮೌಲ್ಯ ಮತ್ತು ತೆರಿಗೆ. ರವಾನೆಯ ಪುಸ್ತಕದಲ್ಲಿ ಅದೇ ಆರ್ಡರ್ ಸಂಖ್ಯೆ, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ. ಮೊದಲನೆಯದು ಲೆಕ್ಕಿಗನ ಕೈಯಲ್ಲಿ, ಎರಡನೆಯದು ಪಾರ್ಸೆಲ್ ಕಟ್ಟುವವನ ಕೈಯಲ್ಲಿ. ಒಂದು ನಿರ್ದಿಷ್ಟ ಮಾರಾಟವನ್ನು ಪರಿಶೀಲಿಸಬೇಕಾದಾಗ ಆರ್ಡರ್ ಸಂಖ್ಯೆಯ ಮೂಲಕ ಎರಡನ್ನೂ ಜೋಡಿಸಬಹುದು. ಇಡೀ ವರ್ಷದ ಪಟ್ಟಿಯನ್ನು ಜೋಡಿಸುವ ಅಗತ್ಯ ಬರುವುದು ತೀರ ಅಪರೂಪ. ದೊಡ್ಡ ವೇದಿಕೆಗಳು ವರ್ತಕರಿಗೆ ಕೊಡುವ ಮಾಸಿಕ ತೆರಿಗೆ ವರದಿಗಳೂ ಸಾಮಾನ್ಯವಾಗಿ ಮೊದಲನೆಯ ಪುಸ್ತಕದ ರೀತಿಯಲ್ಲಿಯೇ ಇರುತ್ತವೆ. ತೊಂದರೆ ಇರುವುದು ಸ್ವಂತ ಜಾಲತಾಣ ಮತ್ತು ವಾಟ್ಸ್‌ಆ್ಯಪ್ ಮೂಲಕ ಮಾರುವವರಲ್ಲಿ.

ಎಚ್‌ಎಸ್‌ಎನ್ ಬಗ್ಗೆ ಒಂದು ಮಾತು. 9021 ಎಂಬ ನಾಲ್ಕಂಕಿಯ ಶೀರ್ಷಿಕೆಯಡಿ ಊರುಗೋಲು, ಮೂಳೆಗೆ ಕಟ್ಟುವ ಪಟ್ಟಿ, ಶ್ರವಣ ಸಾಧನ, ಹೃದಯದ ಪೇಸ್‌ಮೇಕರ್ ಎಲ್ಲವೂ ಬರುತ್ತವೆ. ಹೆಸರಿನ ಮುಂದೆ 9021 ಎಂದಿದ್ದರೆ ಗ್ರಾಹಕನ ಕಾಯಿಲೆ ತಿಳಿಯುವುದಿಲ್ಲ. ವಸ್ತುವಿನ ಪೂರ್ಣ ಹೆಸರು, ಅಳತೆಗಳಿದ್ದರೆ ತಿಳಿಯುತ್ತದೆ. ಇಲಾಖೆಗೆ ಪಟ್ಟಿ ಕೊಡುವಾಗ, ದರದ ಬಗ್ಗೆ ವಿವಾದ ಇಲ್ಲದಿದ್ದರೆ, ಎಚ್‌ಎಸ್‌ಎನ್ ಅಂಕಣ ಸಾಕಾಗುತ್ತದೆ.

ಪತ್ರ ಬಂದಾಗ ಗಾಬರಿಯಿಂದ ಉತ್ತರಿಸಬಾರದು, ಉತ್ತರಿಸದೆಯೂ ಇರಬಾರದು. ಯಾವ ಕಲಮಿನಡಿ ಕೇಳಲಾಗಿದೆ, ಅಧಿಕಾರಿಯ ಹೆಸರು ಮತ್ತು ಹುದ್ದೆ ಏನು, ಪೋರ್ಟಲ್‌ನಲ್ಲಿ ತಾಳೆ ನೋಡಬಹುದಾದ ದಾಖಲೆ ಸಂಖ್ಯೆ ಇದೆಯೇ, ಯಾವ ಅವಧಿಗೆ, ಯಾವ ವಿವರಕ್ಕೆ ಎಂಬುದನ್ನು ಮೊದಲು ಓದಬೇಕು. ಅಧಿಕಾರಿಯ ಹೆಸರಿನಲ್ಲಿ ಗ್ರಾಹಕರ ಪಟ್ಟಿ ದೋಚುವ ವಂಚಕರೂ ಈಗ ಇದ್ದಾರೆ. ಕಲಮಿನ ಉಲ್ಲೇಖವಿಲ್ಲದ ವಾಟ್ಸ್‌ಆ್ಯಪ್ ಸಂದೇಶಕ್ಕೆ ಪಟ್ಟಿ ಕಳುಹಿಸಬೇಡಿ. ಲಿಖಿತ ಪತ್ರ ಕೊಡಿರೆಂದು ವಿನಯದಿಂದ ಕೇಳಿರಿ. ಕೇಳಿದುದನ್ನು ಪೂರ್ತಿಯಾಗಿ, ಸಮಯಕ್ಕೆ ಸರಿಯಾಗಿ ಕೊಡಿರಿ. ಹೆಸರುಗಳನ್ನು ಕೇಳಿದ್ದರೆ, ಮೊದಲು ಆರ್ಡರ್ ಸಂಖ್ಯೆವಾರು ಪಟ್ಟಿ ಒಪ್ಪಿಸಿ, ಪರಿಶೀಲನೆಗೆ ಆಯ್ದುಕೊಂಡ ಆರ್ಡರುಗಳ ಹೆಸರು, ವಿಳಾಸಗಳನ್ನು ತಕ್ಷಣ ಒದಗಿಸಲು ಸಿದ್ಧವೆಂದು ಪತ್ರದಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಬಹುತೇಕ ಅಧಿಕಾರಿಗಳು ಇದನ್ನು ಒಪ್ಪುತ್ತಾರೆ. ಸಾವಿರಾರು ಹೆಸರುಗಳನ್ನು ಓದುವ ವ್ಯವಧಾನ ಅವರಿಗೂ ಇಲ್ಲ. ಒಪ್ಪದೆ ಆದೇಶ ಬಂದರೆ ಪಾಲಿಸಬೇಕು, ಅಥವಾ ವಕೀಲರ ಸಲಹೆ ಪಡೆದು ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಆದೇಶವನ್ನು ಕಡೆಗಣಿಸಿ ಸುಮ್ಮನೆ ಕೂರುವ ಮೂರನೆಯ ದಾರಿ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಇಲ್ಲಿ ಗಮನಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ವರ್ತಕರ ಮೇಲಿನ ಮುಖ್ಯ ಬಾಧ್ಯತೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಾನೂನಿನ ಬಾಧ್ಯತೆಯಂತೆ ಸರಕಾರಕ್ಕೆ ಮಾಹಿತಿ ಕೊಡಲು ಗ್ರಾಹಕನ ಒಪ್ಪಿಗೆ ಬೇಕಾಗಿಲ್ಲವೆಂದು ಈ ಕಾಯಿದೆ ಹೇಳುತ್ತದೆ. ಬಾಧ್ಯತೆ ಇಲ್ಲದೆ, ಕೇಳದೆಯೇ ಕೊಟ್ಟ ಹೆಚ್ಚಿನ ಮಾಹಿತಿಗೆ ಆ ರಕ್ಷಣೆ ಸಿಗುವುದು ಕಷ್ಟ. ನನ್ನ ಕಕ್ಷಿದಾರರ ಹುಡುಗನು ಕಳುಹಿಸಿದ ಕಡತ ಈ ಎರಡನೆಯ ಜಾತಿಗೆ ಸೇರಿದುದು. ದತ್ತಾಂಶವನ್ನು ಸುರಕ್ಷಿತವಾಗಿಡದಿದ್ದರೆ ಈ ಕಾಯಿದೆಯಡಿ ವಿಧಿಸಬಹುದಾದ ಗರಿಷ್ಠ ದಂಡ 250 ಕೋಟಿ ರೂಪಾಯಿ. ಸಣ್ಣ ವರ್ತಕನ ಮೇಲೆ ಅಷ್ಟು ಬೀಳದು, ನಿಜ. ಆದರೂ ಅಂಕಿಯನ್ನು ತಿಳಿದಿರುವುದು ಒಳ್ಳೆಯದು.

ಕೊನೆಯದಾಗಿ, ದಾಖಲೆಗಳನ್ನು ಎಲ್ಲಿಯವರೆಗೆ ಇಡಬೇಕು? ಜಿಎಸ್‌ಟಿ ಕಾಯಿದೆಯ ಕಲಂ 36ರಂತೆ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು. 2023-24ನೆಯ ಸಾಲಿನ ರಿಟರ್ನಿಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿದ್ದುದರಿಂದ, ಆ ಸಾಲಿನ ಲೆಕ್ಕವನ್ನು 2030ರ ಡಿಸೆಂಬರ್ 31ರವರೆಗೆ ಇಡಬೇಕು. ಮೇಲ್ಮನವಿ ಬಾಕಿಯಿದ್ದರೆ ಅದು ಇತ್ಯರ್ಥವಾಗಿ ಒಂದು ವರ್ಷದವರೆಗೆ ಅಥವಾ ಈ ಅವಧಿಯವರೆಗೆ, ಯಾವುದು ನಂತರವೋ ಅಲ್ಲಿಯವರೆಗೆ. ಆದರೆ ಇದು ಲೆಕ್ಕಕ್ಕೆ ಅನ್ವಯಿಸುವ ಮಾತು. 56ನೆಯ ನಿಯಮವು ಗ್ರಾಹಕರ ಹೆಸರು, ವಿಳಾಸಗಳನ್ನು ಇಡಬೇಕೆನ್ನುವುದು ನಿಯಮಗಳ ಪ್ರಕಾರ ಅವು ಅಗತ್ಯವಿರುವಲ್ಲಿ ಮಾತ್ರ. ಮನೆಯವರಿಗೆ ತಿಳಿಯದಂತೆ ತಲುಪಿಸಿ ಎಂಬಂತಹ ಸೂಚನೆಗಳ ಅಂಕಣವನ್ನು ಯಾವ ಕಾನೂನೂ ಕೇಳುವುದಿಲ್ಲ. ನನ್ನ ಕಕ್ಷಿದಾರರು ಈಗ ಆ ಅಂಕಣವನ್ನು, ಪಾರ್ಸೆಲ್ ತಲುಪಿ ವಾಪಸಾತಿಯ ಅವಧಿ ಮುಗಿದ ದಿನವೇ, ಖಾಲಿ ಮಾಡುತ್ತಾರೆ.